ಬಡ್ಡಿ ಏರಿತು, ಆವಲಪ್ಪ ಮಲಗಿದ

ಆವಲಪ್ಪ: ಪಾಲಿಸಿ ಕಾಗದ ಎಲ್ಲಿಟ್ಟಿದ್ದೀಯ ಹೇಳು. ಇಲ್ಲದಿದ್ರೆ ನಾನು ಹಿಂಗೇ ಮಲಗಿ ಸತ್ತೋಗ್ತೀನಿ.

ರಾಮಲಕ್ಷ್ಮಮ್ಮ: ಕಾಗದ ಟ್ರಂಕಿನಲ್ಲಿ ಅದೆ. ಬೀಗದಕೈ ನನ್ನ ಸೊಂಟದಲ್ಲಿ ಅದೆ. ಸಾಯೋದಾದ್ರೆ ಸ್ವಲ್ಪ ಆ ಕಡೆ ಹೊರಳಿ ಸಾಯಿರಿ, ಸೊಪ್ಪಿನ ಗೋಣಿ ನಿಮ್ಮ ಕಾಲಡಿ ಸಿಕ್ಕೊಂಡದೆ.

ಕಂಬಳಿಯೊಳಗಿನ ಕಾಲುಗಳು ಒಂದು ಗೇಣು ಸರಿದವು. ರಾಮಲಕ್ಷ್ಮಮ್ಮ ಗೋಣಿ ಎಳೆದುಕೊಂಡು ನಾಳೆಗೆ ಬೇಕಾಗುವ ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಕೂತಳು.

1952ರ ಸಂಕ್ರಾಂತಿ ಕಳೆದ ವಾರ. ಕೆಂಚಾರ್ಲಹಳ್ಳಿಯ ಆ ಜಗಲಿಯ ಮೇಲೆ ಆವಲಪ್ಪ ಕಂಬಳಿ ಹೊದ್ದು ಮಲಗಿ ಸರಿಯಾಗಿ ಒಂದು ದಿನವಾಗಿತ್ತು. ಹಿಂದಿನ ದಿನ ಅವನು ಚಿಂತಾಮಣಿಯ ಕ್ಷೌರದಂಗಡಿಯಲ್ಲಿ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ ಪಕ್ಕದವನು ಪತ್ರಿಕೆ ಓದಿ ಹೇಳಿದ್ದ: ಬಡ್ಡಿ ಮೂರರಿಂದ ಮೂರೂವರೆಗೆ ಏರಿದೆಯಂತೆ, ಅದರಿಂದ ಸರ್ಕಾರದ ಸಾಲಪತ್ರಗಳ ಬೆಲೆ ಬಿದ್ದಿದೆಯಂತೆ, ವಿಮೆ ಕಂಪನಿಗಳ ದುಡ್ಡೆಲ್ಲ ಅವೇ ಪತ್ರಗಳಲ್ಲಿದೆಯಂತೆ. ಆವಲಪ್ಪ ಒಂದು ಕೆನ್ನೆಯ ಕ್ಷೌರವಷ್ಟೇ ಮುಗಿಸಿಕೊಂಡು ಎದ್ದು ಬಂದ. ಅವನ ಹೆಸರಿನಲ್ಲಿ ಎರಡು ಸಾವಿರದ ಪಾಲಿಸಿಯಿತ್ತು. ಕಂಪನಿ ಮುಳುಗುವುದರೊಳಗೆ ಅದನ್ನು ಮುರಿಸಿ, ಬಂದ ಹಣದಲ್ಲಿ ಕುದುರೆ ಕೊಳ್ಳಬೇಕು. ಬೆಂಗಳೂರಿನ ರೇಸಿನಲ್ಲಿ ಓಡಿ ನಿವೃತ್ತವಾದ ಕುದುರೆಯೊಂದು ಚಿಂತಾಮಣಿಯ ಸಂತೆಮಾಳದಲ್ಲಿ ಬಂದು ನಿಂತಿತ್ತು. ಅದನ್ನು ನೋಡಿದಾಗಿನಿಂದ ಆವಲಪ್ಪನಿಗೆ ತನ್ನ ಜೀವವಿಮೆ ಮುಳುಗುವ ಲಕ್ಷಣ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು.

ರಾಮಲಕ್ಷ್ಮಮ್ಮ: ಆ ಕುದುರೆಗೆ ಎಷ್ಟು ವಯಸ್ಸು?

ಆವಲಪ್ಪ: ಹದಿನಾರು. ಆದರೆ ಓಡಿದ ಕುದುರೆ ಕಣೇ ಅದು.

ರಾಮಲಕ್ಷ್ಮಮ್ಮ: ಓಡಿದ್ದು ಮುಗಿದದೆ ಅಂತಲೇ ಅಲ್ವಾ ಚಿಂತಾಮಣಿಗೆ ಬಂದಿರೋದು? ಬೆಲೆ?

ಆವಲಪ್ಪ: ಏಳುನೂರು. ಪಾಲಿಸಿ ಮುರಿಸಿದ್ರೆ ಎಂಟುನೂರು ಬರ್ತದೆ. ನೂರು ಉಳೀತದೆ.

ರಾಮಲಕ್ಷ್ಮಮ್ಮ: ಮುರಿಸಿದ್ರೆ ಎಂಟುನೂರು. ನೀವು ಹೋದ್ರೆ ಎರಡು ಸಾವಿರ. ಕುದುರೆಯೇ ಬೇಕು ಅಂದ್ರೆ ನೀವು ಮಲಗಿರೋದೇ ಸರಿ, ಎರಡು ಕುದುರೆ ಬರ್ತವೆ.

ಕಂಬಳಿ ಆ ಕಡೆಯಿಂದ ಈ ಕಡೆಗೆ ಹೊರಳಿತು.

ಆವಲಪ್ಪ: ಯಾರು ಹತ್ತೋದು ಅವನ್ನ?

ಅಷ್ಟರಲ್ಲಿ ಅಂಗಳದಲ್ಲಿ ಸೈಕಲ್ ನಿಂತ ಸದ್ದಾಯಿತು. ಬಂದವನು ವಿಮೆ ಏಜೆಂಟ್ ಚಲಪತಿ. ಗೌರಿಬಿದನೂರು ತಾಲ್ಲೂಕಿನ ನಗರಗೆರೆಯವನು, ಕಡಲೆಕಾಯಿ ಬೆಳೆಯುವ ಸೀಮೆ. ಚಿಂತಾಮಣಿಯ ಕಡೆಗೆ ಬಂದು ಮೂರು ತಿಂಗಳಾಗಿತ್ತು. ರೇಷ್ಮೆಹುಳು ಸಾಕುವ ಮನೆಯ ಮಾತುಕತೆ ಅವನಿಗೆ ಹೊಸದು. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಮಲಗುವುದಕ್ಕೆ ಇಲ್ಲಿನವರು ಜ್ವರ ಎನ್ನುತ್ತಾರೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ರಾಮಲಕ್ಷ್ಮಮ್ಮ ಬರಹೇಳಿದ್ದಾಳೆ, ಯಜಮಾನರು ಮಲಗಿದ್ದಾರೆ ಎಂದಷ್ಟೇ ಕೇಳಿ ಹೆದರಿಕೊಂಡು ಬಂದಿದ್ದ.

ಚಲಪತಿ: ಅಮ್ಮಾ, ಹೇಳಿ ಕಳಿಸಿದ್ರಂತೆ. ಹೆಂಗದೆ ಈಗ?

ರಾಮಲಕ್ಷ್ಮಮ್ಮ: ಮೆಲ್ಲಗೆ ಮಾತಾಡಪ್ಪ. ಒಳಗೆ ನಾಲ್ಕನೇ ಜ್ವರ ನಡೀತಾ ಅದೆ.

ಚಲಪತಿ: ನಾಲ್ಕನೇದಾ? ಮೊದಲ ಮೂರು ಯಾವಾಗ ಬಂದ್ವು?

ರಾಮಲಕ್ಷ್ಮಮ್ಮ: ಹದಿನೈದು ದಿನದಿಂದ ಒಂದರ ಹಿಂದೆ ಒಂದು. ಮೂರೂ ಚೆನ್ನಾಗಿ ಬಂದ್ವು, ದೇವರ ದಯ.

ಚಲಪತಿ: ಊಟ ಏನು ಕೊಡ್ತಿದ್ದೀರಿ?

ರಾಮಲಕ್ಷ್ಮಮ್ಮ: ಜ್ವರದಲ್ಲಿ ಯಾರಾದ್ರೂ ಊಟ ಹಾಕ್ತಾರೇನಪ್ಪ? ತಲೆ ಎತ್ಕೊಂಡು ಅಲ್ಲಾಡದೆ ಇರೋದಷ್ಟೆ. ನಾಳೆ ಪೊರೆ ಬಿಟ್ಟು ಎದ್ದ ಮೇಲೆ ನೋಡು, ಎಷ್ಟು ಹಾಕಿದ್ರೂ ಸಾಲಲ್ಲ.

ಚಲಪತಿ ಕಂಬಳಿಯ ಕಡೆ ನೋಡಿದ. ಕಂಬಳಿ ಅಲ್ಲಾಡಲಿಲ್ಲ.

ಚಲಪತಿ: ಪೊರೆ ಬಿಡೋದಾ? ಡಾಕ್ಟರು ಏನಂದ್ರು?

ರಾಮಲಕ್ಷ್ಮಮ್ಮ: ಡಾಕ್ಟರು ಯಾಕೆ? ಒಂದು ವಾರ ಚೆನ್ನಾಗಿ ತಿಂದು ಹಣ್ಣಾಗಿ ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟಕ್ಕೆ ಸಾಗಿಸಿಬಿಡ್ತೀವಿ. ಅಲ್ಲಿ ಕುದಿಯೋ ನೀರಿಗೆ ಹಾಕ್ತಾರೆ.

ಚಲಪತಿಯ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

ಆವಲಪ್ಪ (ಕಂಬಳಿಯೊಳಗಿಂದ): ಹುಳದ ಮಾತು ಕಣಯ್ಯ ಅದು. ನನ್ನ ವಿಚಾರ ಈ ಮನೇಲಿ ಯಾರೂ ಮಾತಾಡಲ್ಲ.

ಚಲಪತಿ ಜಗಲಿಯ ಅಂಚಿಗೆ ಕೂತು ಒಂದು ಚೊಂಬು ನೀರು ಕುಡಿದ. ವಿಷಯ ಪೂರ್ತಿ ಕೇಳಿದ ಮೇಲೆ ಅವನ ಮುಖ ಮತ್ತೆ ಬಾಡಿತು. ಆ ತಿಂಗಳು ಆಗಲೇ ಮೂರು ಜನ ಪಾಲಿಸಿ ಮುರಿಸಿದ್ದರು. ಕೆಂಚಾರ್ಲಹಳ್ಳಿಯಲ್ಲಿ ಆವಲಪ್ಪ ಮುರಿಸಿದರೆ ಅವನ ಹಿಂದೆ ಊರೇ ಮುರಿಸುತ್ತದೆ. ಆಮೇಲೆ ಕಂಪನಿ ಚಲಪತಿಯನ್ನು ಇಟ್ಟುಕೊಳ್ಳುವುದಿಲ್ಲ. ಅವನು ಚೀಲದಿಂದ ಕಂಪನಿಯ ಸುತ್ತೋಲೆ ತೆಗೆದು ಗಂಟಲು ಸರಿಮಾಡಿಕೊಂಡ.

ಚಲಪತಿ: “ಬಡ್ಡಿಯ ದರ ಏರಿದುದರಿಂದ ಮಾನ್ಯ ಪಾಲಿಸಿದಾರರು ಎದೆಗುಂದಬೇಕಾದ ಕಾರಣವಿರುವುದಿಲ್ಲ.”

ಆವಲಪ್ಪ ಕಂಬಳಿ ಸರಿಸಿ ಎದ್ದು ಕೂತ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಹತ್ತು ದಿನದ ಗಡ್ಡ. ಚಲಪತಿಗೆ ಯಾವ ಕಡೆ ನೋಡಿ ಮಾತಾಡಬೇಕೋ ತಿಳಿಯಲಿಲ್ಲ.

ಆವಲಪ್ಪ: ಅದನ್ನ ಒಳಗಿಡು. ನಾನು ಕೇಳಿದ್ದಕ್ಕೆ ಹೇಳು. ಬಡ್ಡಿ ಏರಿದ್ರೆ ಬಡ್ಡಿ ತಿನ್ನೋನಿಗೆ ಲಾಭವೋ ನಷ್ಟವೋ?

ಚಲಪತಿ: ಲಾಭ.

ಆವಲಪ್ಪ: ಕಂಪನಿ ಬಡ್ಡಿ ತಿನ್ತದೋ ಇಲ್ಲವೋ?

ಚಲಪತಿ: ತಿನ್ತದೆ.

ಆವಲಪ್ಪ: ಮತ್ತೆ ನಷ್ಟ ಯಾಕಾಯ್ತು?

ಚಲಪತಿ: ನಷ್ಟ ಆಗಿಲ್ಲ ಯಜಮಾನ್ರೇ. ಪತ್ರದ ಬೆಲೆ ಇಳಿದದೆ ಅಷ್ಟೆ.

ಆವಲಪ್ಪ: ಬೆಲೆ ಇಳಿಯೋದಕ್ಕೆ ನಿಮ್ಮ ಕಡೆ ಏನಂತಾರೆ?

ಚಲಪತಿ: ಮಾರಿದ್ರೆ ನಷ್ಟ ಅಂತಾರೆ. ಮಾರದಿದ್ರೆ ಏನೂ ಅನ್ನಲ್ಲ.

ಆವಲಪ್ಪ: ಮಾರದಿದ್ರೆ ಬೆಲೆ ಇಳಿದಿರಲ್ವಾ?

ಚಲಪತಿ: ಇಳಿದಿರ್ತದೆ. ನಮಗೆ ಗೊತ್ತಾಗಲ್ಲ.

ಆವಲಪ್ಪ: ಗೊತ್ತಾಯ್ತಲ್ಲಯ್ಯ. ಪೇಪರಿನಲ್ಲಿ ಹಾಕವ್ರೆ.

ಚಲಪತಿ: ಓದದೆ ಇದ್ದಿದ್ರೆ ಒಳ್ಳೇದಿತ್ತು.

ಆವಲಪ್ಪ: ಏಮೇ, ವಿನ್ನಾವಾ? ಕೇಳಿದೆಯಾ? ಕಣ್ಣು ಮುಚ್ಕೊಂಡಿದ್ರೆ ಕಂಪನಿ ನಿಲ್ತದಂತೆ.

ಸಿಟ್ಟು ಬಂದರೆ ಅವನ ಬಾಯಲ್ಲಿ ತೆಲುಗು ಮೊದಲು ಬರುತ್ತಿತ್ತು, ಕನ್ನಡ ಹಿಂದೆ ನಡೆದು ಬರುತ್ತಿತ್ತು. ರಾಮಲಕ್ಷ್ಮಮ್ಮ ಕುಡುಗೋಲು ಕೆಳಗಿಟ್ಟಳು.

ರಾಮಲಕ್ಷ್ಮಮ್ಮ: ಚಲಪತಪ್ಪ, ನಿಜ ಹೇಳು. ಬಡ್ಡಿ ಏರಿದ್ರೆ ಪತ್ರ ಯಾಕೆ ಇಳೀತದೆ ಅಂತ ನಿನಗೆ ಗೊತ್ತಾ?

ಚಲಪತಿ: ಚಿಕ್ಕಬಳ್ಳಾಪುರದ ಮೀಟಿಂಗಿನಲ್ಲಿ ಹೇಳಿದ್ರು ಅಮ್ಮಾ. ಎಲ್ಲರೂ ತಲೆ ಆಡಿಸಿದ್ರು. ನಾನೂ ಆಡಿಸಿದೆ.

ರಾಮಲಕ್ಷ್ಮಮ್ಮ: ಆ ಪತ್ರದಲ್ಲಿ ಏನು ಬರೆದಿರ್ತದೆ?

ಚಲಪತಿ: ಸರ್ಕಾರಕ್ಕೆ ನೂರು ರೂಪಾಯಿ ಕೊಟ್ಟಿದ್ದೀವಿ, ವರ್ಷಕ್ಕೆ ಮೂರು ರೂಪಾಯಿ ಬಡ್ಡಿ ಕೊಡ್ತಾರೆ, ಇಂಥ ಇಸವಿಗೆ ನೂರನ್ನೂ ವಾಪಸ್ ಕೊಡ್ತಾರೆ ಅಂತ.

ರಾಮಲಕ್ಷ್ಮಮ್ಮ: ಇಷ್ಟೇನಾ? ಇದು ಭೋಗ್ಯ ಅಲ್ವಾ? ನಾನು ವೆಂಕಟರಾಮಪ್ಪನಿಗೆ ನೂರು ರೂಪಾಯಿ ಕೊಟ್ಟು ಅವನ ತೋಟದ ಮೂಲೆ ಹತ್ತು ವರ್ಷಕ್ಕೆ ಭೋಗ್ಯ ಹಾಕಿಸ್ಕೊಂಡಿದ್ದೀನಿ. ಬೆಳೆಗೆ ಮೂರು ಹೊರೆ ಸೊಪ್ಪು ನನಗೆ. ಹತ್ತನೇ ವರ್ಷ ನೂರು ರೂಪಾಯಿ ವಾಪಸ್.

ಚಲಪತಿ: ಸರಿ.

ರಾಮಲಕ್ಷ್ಮಮ್ಮ: ಈಗ ಪಕ್ಕದ ತೋಟದ ಚೆನ್ನರಾಯಪ್ಪನಿಗೆ ದುಡ್ಡಿನ ಅವಸರ. ನೂರು ಕೊಟ್ಟೋರಿಗೆ ಮೂರೂವರೆ ಹೊರೆ ಕೊಡ್ತೀನಿ ಅಂತ ಕೂತವ್ನೆ. ನನ್ನ ಮೂರು ಹೊರೆ ಪತ್ರಾನ ಇವತ್ತು ನಿನಗೆ ಮಾರ್ತೀನಿ ಅಂದ್ರೆ ನೂರು ಕೊಡ್ತೀಯಾ?

ಚಲಪತಿ: ಯಾಕೆ ಕೊಡಲಿ? ಚೆನ್ನರಾಯಪ್ಪನ ಹತ್ರ ಹೋಗ್ತೀನಿ.

ರಾಮಲಕ್ಷ್ಮಮ್ಮ: ತೊಂಬತ್ತೈದಕ್ಕೆ?

ಚಲಪತಿ: ತೊಂಬತ್ತಕ್ಕಾದ್ರೆ ನೋಡಣ.

ರಾಮಲಕ್ಷ್ಮಮ್ಮ: ಬೆಲೆ ಇಳೀತಾ?

ಚಲಪತಿ: ಇಳೀತು.

ರಾಮಲಕ್ಷ್ಮಮ್ಮ: ನನ್ನ ತೋಟಕ್ಕೆ ಬೆಂಕಿ ಬಿತ್ತಾ? ಸೊಪ್ಪು ಕಮ್ಮಿ ಬಂತಾ?

ಚಲಪತಿ ಬೆರಳು ಮಡಿಚಿ ಹೊರೆ ಎಣಿಸಿದ. ಮೀಟಿಂಗಿನಲ್ಲಿ ಆಡಿಸಿದ ತಲೆಗೆ ಈಗ ಅರ್ಥ ಬಂದು ಸೇರಿತ್ತು.

ಚಲಪತಿ: ಅಂದ್ರೆ ನೀವು ಮಾರದೆ ಸುಮ್ಮನಿದ್ರೆ ಮೂರು ಹೊರೆ ಬರ್ತಾನೇ ಇರ್ತದೆ. ಹತ್ತನೇ ವರ್ಷ ನೂರಕ್ಕೆ ನೂರು.

ರಾಮಲಕ್ಷ್ಮಮ್ಮ: ಇನ್ನೊಂದು ಹೇಳ್ತೀನಿ ಕೇಳು. ಈ ಸಲ ಗೂಡು ಮಾರಿ ಬಂದ ದುಡ್ಡು ಎಲ್ಲಿ ಹಾಕ್ತೀನಿ? ಮೂರೂವರೆ ಹೊರೆ ಕಡೆ. ಕಂಪನಿಗೂ ಪ್ರತಿವರ್ಷ ಕಂತಿನ ದುಡ್ಡು ಬರ್ತದಲ್ಲ, ಅದನ್ನ ಹೊಸ ಪತ್ರಕ್ಕೆ ಹಾಕ್ತಾರೆ. ಹಳೇದರ ಬೆಲೆ ಇಳಿದದೆ ಅಂತ ಇವರು ಅಳ್ತಾ ಮಲಗವ್ರೆ. ಹೊಸದಕ್ಕೆ ಜಾಸ್ತಿ ಬರ್ತದೆ ಅಂತ ಯಾರೂ ಏಳಲಿಲ್ಲ.

ಆವಲಪ್ಪ: ನಾನು ಅಳ್ತಿರಲಿಲ್ಲ. ಉಪವಾಸ ಇದ್ದೆ. ಸರಿ, ಮಾರದಿದ್ರೆ ನಷ್ಟ ಇಲ್ಲ. ಮಾರಲೇಬೇಕಾಗಿ ಬಂದ್ರೆ?

ರಾಮಲಕ್ಷ್ಮಮ್ಮ: ಅದು ಸರಿಯಾದ ಮಾತು. ಹುಳ ಜ್ವರ ಎದ್ದ ದಿನ ಸೊಪ್ಪು ಕೈಯಲ್ಲಿರಬೇಕು. ಅವತ್ತು ಸೊಪ್ಪಿಲ್ಲ ಅಂತ ಭೋಗ್ಯದ ಪತ್ರ ಹಿಡ್ಕೊಂಡು ಬೀದಿಗೆ ಹೋದ್ರೆ ಕೇಳಿದ ಬೆಲೆಗೆ ಕೊಟ್ಟು ಬರಬೇಕು.

ಚಲಪತಿ: ಕಂಪನಿಯೋರೂ ಅದನ್ನೇ ನೋಡ್ಕೊಂತಾರೆ ಅಮ್ಮಾ. ಯಾರ ಪಾಲಿಸಿ ಯಾವ ಇಸವಿಗೆ ಮುಗೀತದೋ ಆ ಇಸವಿಗೆ ದುಡ್ಡು ಬರೋ ಪತ್ರ ತಗೊಂಡಿರ್ತಾರೆ. ಯಜಮಾನ್ರ ಪಾಲಿಸಿ ಐವತ್ತೊಂಬತ್ತಕ್ಕೆ ಮುಗೀತದೆ. ಅದಕ್ಕೆ ಐವತ್ತೊಂಬತ್ತರ ಪತ್ರ.

ಆವಲಪ್ಪ: ನನಗೆ ಅಂತಾನೇ ಪತ್ರ ಎತ್ತಿಟ್ಟವ್ರಾ?

ಚಲಪತಿ: ಒಂದು ರೀತಿ ಹಂಗೇ.

ಆವಲಪ್ಪ: ನಾನು ಇವತ್ತು ಮುರಿಸಿದ್ರೆ ಅದನ್ನ ಇವತ್ತೇ ಮಾರಬೇಕು.

ಚಲಪತಿ: ಬಹಳ ಜನ ಒಟ್ಟಿಗೆ ಮುರಿಸಿದ್ರೆ ಮಾರಬೇಕಾಗ್ತದೆ.

ಆವಲಪ್ಪ: ಮುರಿಸದೆ, ನಾಳೆ ಸತ್ತರೆ?

ಚಲಪತಿ: ಅದಕ್ಕೂ ಹಂಗೇ. ಬಹಳ ಜನ ಒಟ್ಟಿಗೆ ಸತ್ತರೆ.

ಆವಲಪ್ಪ ಎರಡೂ ಕೆನ್ನೆಗಳನ್ನು ಒಂದೊಂದಾಗಿ ಸವರಿಕೊಂಡು ಯೋಚಿಸಿದ.

ಆವಲಪ್ಪ: ಅಂದ್ರೆ ನಾನು ಸತ್ತರೂ ಕಂಪನಿಗೆ ಕಷ್ಟ, ಮುರಿಸಿದ್ರೂ ಕಷ್ಟ. ಕಂಪನಿ ನನ್ನ ಮೇಲೆ ನಿಂತದೆ.

ಚಲಪತಿಗೆ ಸಂಕಟವಾಯಿತು. ಕಂಪನಿಯಲ್ಲಿ ಸಾವಿರಾರು ಪಾಲಿಸಿಗಳಿದ್ದವು, ಆವಲಪ್ಪನದು ಅದರಲ್ಲಿ ಒಂದು. ಇದ್ದದ್ದನ್ನು ಇದ್ದಹಾಗೆ ಹೇಳಲು ಅವನು ಬಾಯಿ ತೆರೆದ. ರಾಮಲಕ್ಷ್ಮಮ್ಮ ಅವನನ್ನೇ ನೋಡುತ್ತಾ ಕುಡುಗೋಲನ್ನು ಮತ್ತೆ ಕೈಗೆ ತೆಗೆದುಕೊಂಡಳು.

ಚಲಪತಿ: ಒಬ್ಬೊಬ್ಬರೇ ಸೇರಿ ತಾನೇ ಯಜಮಾನ್ರೇ ಬಹಳ ಜನ ಆಗೋದು.

ಆವಲಪ್ಪ: ಅದನ್ನ ಮೊದಲೇ ಹೇಳಬೇಕೋ ಬೇಡವೋ? ನಿನ್ನೆ ಮಧ್ಯಾಹ್ನದಿಂದ ಒಂದು ಕಂಪನೀನ ಉಪವಾಸ ಕೆಡವಿದ್ದೀನಿ.

ಆದರೆ ಕುದುರೆ ಇನ್ನೂ ಅವನ ಕಣ್ಣಿನಿಂದ ಹೋಗಿರಲಿಲ್ಲ. ಅವನು ಮತ್ತೆ ಅರ್ಧ ಮಲಗಿದ.

ಆವಲಪ್ಪ: ಆದರೂ ನನ್ನ ಜೀವ, ನನ್ನ ಪಾಲಿಸಿ. ಮುರಿಸೋದು ಬಿಡೋದು ನನ್ನ ಇಷ್ಟ.

ರಾಮಲಕ್ಷ್ಮಮ್ಮ: ಹೋದ ಸಲ ಕಂತು ಯಾವಾಗ ಕಟ್ಟಿದ್ರಿ?

ಆವಲಪ್ಪ: ಕಟ್ಟಿದ್ದೆ. ದಸರಾ ಹತ್ರ ಇರಬೇಕು.

ರಾಮಲಕ್ಷ್ಮಮ್ಮ: ನಲವತ್ತಾರನೇ ಇಸವಿಯಿಂದ ನೀವು ಒಂದು ಕಂತೂ ಕಟ್ಟಿಲ್ಲ. ಗೂಡು ಮಾರಿದ ದುಡ್ಡಲ್ಲಿ ನಾನು ಕಟ್ಟಿದ್ದೀನಿ. ರಸೀದಿ ಎಲ್ಲಾ ಟ್ರಂಕಿನಲ್ಲಿ ಅದೆ.

ಆವಲಪ್ಪ ಅವಳ ಮುಖ ನೋಡಿದ. ಅವಳು ಸೊಪ್ಪು ಹೆಚ್ಚುತ್ತಿದ್ದಳು. ಆರು ವರ್ಷದಲ್ಲಿ ಅವಳು ಒಂದು ಸಲವೂ ಈ ಮಾತೆತ್ತಿರಲಿಲ್ಲ. ಅವನು ಮಾತ್ರ ಪ್ರತಿ ಜಗಳದಲ್ಲೂ “ನಾನು ಸತ್ತರೆ ನಿನಗೆ ಎರಡು ಸಾವಿರ ಬರ್ತದೆ, ಗೊತ್ತಾ” ಎಂದು ದಾನ ಕೊಟ್ಟವನ ಹಾಗೆ ಹೇಳಿಕೊಂಡು ಬಂದಿದ್ದ.

ಆವಲಪ್ಪ: ಹಂಗಾದ್ರೆ ನನ್ನ ಜೀವ ನನ್ನದೋ ನಿನ್ನದೋ?

ರಾಮಲಕ್ಷ್ಮಮ್ಮ: ಆರು ವರ್ಷದ್ದು ನಂದು. ಅದರ ಹಿಂದಿನದು ಬೇಕಾದ್ರೆ ಕುದುರೆಗೆ ಕೊಡಿ.

ಆವಲಪ್ಪ ಬಹಳ ಹೊತ್ತು ಕಂಬಳಿಯ ಅಂಚಿನ ದಾರ ಕೀಳುತ್ತಾ ಕೂತ. ಆಮೇಲೆ ಯಾರಿಗೂ ಅಲ್ಲದಂತೆ, ಗೋಡೆಗೆ ಹೇಳಿದ.

ಆವಲಪ್ಪ: ಮುದ್ದೆ ಇದ್ರೆ ಹಾಕು.

ರಾಮಲಕ್ಷ್ಮಮ್ಮ: ಯಾರಿಗೋಸ್ಕರ?

ಆವಲಪ್ಪ: ಕಂಪನಿಗೋಸ್ಕರ.

ಅವನು ಎರಡು ಮುದ್ದೆ ತಿಂದ. ಕಂಪನಿಯ ಪರಿಸ್ಥಿತಿ ನೆನೆದು ಇನ್ನೊಂದು ಅರ್ಧ ಹಾಕಿಸಿಕೊಂಡ. ಕೈ ತೊಳೆದು ಬಂದು ಚಲಪತಿಯ ಎದುರು ನಿಂತ.

ಆವಲಪ್ಪ: ಐವತ್ತೊಂಬತ್ತನೇ ಇಸವಿ. ಯಾವ ತಿಂಗಳು?

ಚಲಪತಿ: ಜೂನ್.

ಆವಲಪ್ಪ: ಜೂನ್ ಮುಗಿಯೋವರೆಗೂ ನಾನು ಸಾಯಲ್ಲ. ಬರ್ಕೊಂಡು ಹೋಗು. ಅವರು ಧೈರ್ಯವಾಗಿ ಇರಲಿ.

ಚಲಪತಿ ನಿಜವಾಗಿಯೂ ಬರೆದುಕೊಂಡ. ಸೈಕಲ್ ಹತ್ತುವಾಗ ರಾಮಲಕ್ಷ್ಮಮ್ಮನ ಹತ್ತಿರ ಆ ಭೋಗ್ಯದ ಲೆಕ್ಕ ಇನ್ನೊಂದು ಸಲ ಕೇಳಿ ಬಾಯಿಪಾಠ ಮಾಡಿಕೊಂಡ. ಆ ವಾರ ಅವನು ಸುತ್ತಿದ ಊರುಗಳಲ್ಲೆಲ್ಲ ಸುತ್ತೋಲೆಯನ್ನು ಚೀಲದಲ್ಲೇ ಬಿಟ್ಟು ಸೊಪ್ಪಿನ ಹೊರೆಯ ಕಥೆ ಹೇಳಿದ. ಮುರಿಸಬೇಕೆಂದಿದ್ದವರಲ್ಲಿ ಹನ್ನೊಂದು ಜನ ಸುಮ್ಮನಾದರು. ಇಬ್ಬರು ಚೆನ್ನರಾಯಪ್ಪನ ವಿಳಾಸ ಕೇಳಿದರು.

ಕುದುರೆಯನ್ನು ಜಟಕಾ ಓಡಿಸುವ ಮುನಿಶಾಮಿ ಕೊಂಡುಕೊಂಡ. ಅದು ಪಕ್ಕದಲ್ಲಿ ಇನ್ನೂ ಏಳೆಂಟು ಕುದುರೆ ಇಲ್ಲದೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲವೆಂದು ತಿಳಿಯಲು ಅವನಿಗೆ ಎರಡು ದಿನ ಹಿಡಿಯಿತು.

ಆವಲಪ್ಪ ಮಾತ್ರ ಅಂದಿನಿಂದ ಬೇರೆ ಮನುಷ್ಯನಾದ. ತೆಂಗಿನ ಮರ ಹತ್ತುವುದನ್ನು ಬಿಟ್ಟ. ಬಸ್ಸಿನಲ್ಲಿ ನಡುವಿನ ಸೀಟು ಸಿಕ್ಕದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದ. ಹೆಂಡತಿಯ ಜೊತೆ ಜಗಳಕ್ಕೇನೂ ಕಡಿಮೆಯಿರಲಿಲ್ಲ, ಆದರೆ ಸಾಯುವ ಮಾತು ಬಾಯಿಗೆ ಬರಲಿಲ್ಲ. ತಿಂಗಳ ಮೊದಲ ತಾರೀಕು ಕಂಪನಿಗೆ ಒಂದು ಕಾರ್ಡು ಬರೆಯುತ್ತಿದ್ದ: “ನಾನು ಕ್ಷೇಮ. ಪತ್ರ ಮಾರಬೇಡಿ. ಇತಿ, ಆವಲಪ್ಪ, ಕೆಂಚಾರ್ಲಹಳ್ಳಿ.” ಏಳನೇ ಕಾರ್ಡಿಗೆ ಒಂದು ಉತ್ತರ ಬಂತು. ಅದು ಇಂಗ್ಲಿಷಿನಲ್ಲಿತ್ತು. ಚಲಪತಿ ಓದಿ ಹೇಳಿದ.

ಚಲಪತಿ: ಇನ್ನು ಮುಂದೆ ಕಾಗದ ಬರೆಯುವಾಗ ಪಾಲಿಸಿ ನಂಬರ್ ತಪ್ಪದೆ ಕಾಣಿಸಬೇಕು ಅಂತ ಕೇಳವ್ರೆ.

ಆವಲಪ್ಪ: ನೋಡಿದೆಯಾ, ಮುಂದೆಯೂ ಬರೀರಿ ಅಂತ ಕೇಳ್ಕೊಂಡವ್ರೆ.

ಕಂತನ್ನೂ ಅವನೇ ಕಟ್ಟಲು ಶುರುಮಾಡಿದ. ರಾಮಲಕ್ಷ್ಮಮ್ಮ ರಸೀದಿಗಳನ್ನು ತೆಗೆದುಕೊಂಡು ಟ್ರಂಕಿನಲ್ಲಿಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ಹೀಗೆ ಉಳಿದ ಗೂಡಿನ ದುಡ್ಡಿನಲ್ಲಿ ಚೆನ್ನರಾಯಪ್ಪನ ತೋಟದ ಅರ್ಧ ಭಾಗ ಅವಳ ಭೋಗ್ಯಕ್ಕೆ ಬಂತು.

ಹೀಗೆ ನಾಲ್ಕು ವರ್ಷ ನಡೆಯಿತು. 1956ರ ಜನವರಿಯಲ್ಲಿ ಆವಲಪ್ಪನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಯಿತು. ಬೆರಳು ನಿಂಬೆಹಣ್ಣಿನಷ್ಟು ಊದಿತು. ಆ ತಿಂಗಳ ಕಾರ್ಡು ಹೋಗಲಿಲ್ಲ. ನೀವಾದರೂ ಬರೆದುಹಾಕಿ ಎಂದು ಊರಿನಲ್ಲಿ ಒಬ್ಬಿಬ್ಬರನ್ನು ಕೇಳಿದ. ಆಮೇಲೆ, “ನಾನು ಕ್ಷೇಮ” ಎಂದು ಬೇರೆಯವರ ಕೈಯಲ್ಲಿ ಬರೆಸಿದರೆ ಕಂಪನಿ ಅನುಮಾನ ಪಡುತ್ತದೆಂದು ತಾನೇ ಹಿಂದೆಗೆದ. ಇಪ್ಪತ್ತನೇ ತಾರೀಕಿನ ಮಧ್ಯಾಹ್ನ ಚಲಪತಿ ಸೈಕಲ್ ತುಳಿದುಕೊಂಡು ಬಂದ.

ಚಲಪತಿ: ಯಜಮಾನ್ರೇ, ಕೇಳಿದ್ರಾ? ನಮ್ಮ ಕಂಪನೀನ ಸರ್ಕಾರ ತಗೊಂತು. ರಾತ್ರಿ ರೇಡಿಯೋದಲ್ಲಿ ಹೇಳಿದ್ರು.

ಆವಲಪ್ಪ ಬಟ್ಟೆ ಸುತ್ತಿದ ಹೆಬ್ಬೆರಳನ್ನು ನೋಡಿಕೊಂಡ.

ಆವಲಪ್ಪ: ಒಂದು ತಿಂಗಳು ಕಾಯಬಾರದಿತ್ತಾ ಅವರು?

ಚಲಪತಿ: ನಮ್ಮದೊಂದೇ ಅಲ್ಲ. ದೇಶದಲ್ಲಿರೋ ಜೀವವಿಮೆ ಕಂಪನಿ ಎಲ್ಲಾನೂ ಸರ್ಕಾರದ ಕೈಗೆ ಹೋಯ್ತು. ನೂರಾರು ಕಂಪನಿ.

ಆವಲಪ್ಪ: ಎಲ್ಲಾನೂನಾ?

ಅವನು ಜಗಲಿಯ ಕಂಬಕ್ಕೆ ಒರಗಿ ಮೆಲ್ಲಗೆ ಕೂತ.

ಆವಲಪ್ಪ: ನಾನು ಒಂದೇ ಕಂಪನಿ ಲೆಕ್ಕ ಇಟ್ಕೊಂಡಿದ್ದೆ ಕಣಯ್ಯ. ಒಂದು ಉಗುರಿಗೆ ಇಷ್ಟೆಲ್ಲಾ ಆಗ್ತದೆ ಅಂತ ನನಗೇನು ಗೊತ್ತು?

ಚಲಪತಿ: ಹಂಗಲ್ಲ ಯಜಮಾನ್ರೇ, ಇದು ಡೆಲ್ಲಿಯಲ್ಲಿ...

ರಾಮಲಕ್ಷ್ಮಮ್ಮ: ಇರಲಿ ಬಿಡಪ್ಪ. ಇವರ ಪ್ರಕಾರ ಕೈ ವಾಸಿಯಾದ ಮೇಲೆ ಸರಿಹೋಗ್ತದೆ. ನಿನ್ನ ಕೆಲಸ ಉಳಿದದಾ?

ಚಲಪತಿ: ಉಳಿದದೆ ಅಮ್ಮಾ. ಪಾಲಿಸಿಗೂ ಏನೂ ಆಗಲ್ಲ. ಐವತ್ತೊಂಬತ್ತಕ್ಕೆ ಸರ್ಕಾರಾನೇ ಕೊಡ್ತದೆ. ಆ ಸಾಲಪತ್ರಗಳೂ ಸರ್ಕಾರದ ಕೈಗೇ ಹೋದ್ವು.

ಆವಲಪ್ಪ: ಸಾಲ ತಗೊಂಡೋನೂ ಸರ್ಕಾರ. ಈಗ ಸಾಲ ಕೊಟ್ಟೋನೂ ಸರ್ಕಾರ. ಅಂದ್ರೆ ಇನ್ನು ಮೇಲೆ ನನ್ನ ಮೇಲೆ ನಿಂತಿರೋದು...

ಅವನು ಮಾತು ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿಕೊಂಡ. ಅಂಗಳದ ಆಚೆ ರಸ್ತೆಯನ್ನೂ, ಅದರಾಚೆಯ ಹೊಲಗಳನ್ನೂ ಒಮ್ಮೆ ನೋಡಿದ.

ಆವಲಪ್ಪ: ಸರ್ಕಾರಾನೇ ಕಣೇ. ಪೂರ್ತಿ ಸರ್ಕಾರಾನೇ ನನ್ನ ಮೇಲೆ ನಿಂತದೆ.

ರಾಮಲಕ್ಷ್ಮಮ್ಮ: ಹಂಗಾದ್ರೆ ಒಂದು ಗಳಿಗೆ ಅಲ್ಲಾಡದೆ ಕೂತಿರಿ. ಪಾಪ, ಈಗತಾನೇ ಹತ್ತವ್ರೆ.